ದಾಳಿ ಮಾಡಿದ್ದು ಯಾವ ದೇಶ? ಹೆಸರು ಹೇಳುವ ಮುನ್ನ ನೋಡಬೇಕಾದ ಲಕ್ಷಣಗಳು

ಚುನಾವಣೆ ಹತ್ತಿರ ಬಂದಾಗ ನನಗೆ ಬರುವ ಕರೆಗಳ ಮೊದಲ ಮಾತು ಹೆಚ್ಚುಕಡಿಮೆ ಒಂದೇ: “ನಮ್ಮ ಮೇಲೆ ವಿದೇಶದಿಂದ ದಾಳಿ ಆಗಿದೆ.” ಏನು ಕೆಟ್ಟಿದೆ, ಯಾವಾಗಿನಿಂದ ಕೆಟ್ಟಿದೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಯಾರು ಮಾಡಿದರು ಎಂಬುದು ಮಾತ್ರ ಆಗಲೇ ತೀರ್ಮಾನವಾಗಿರುತ್ತದೆ. ಪತ್ರಿಕಾ ಹೇಳಿಕೆಯೂ ಟೈಪ್ ಆಗುತ್ತಿರುತ್ತದೆ.

ಈ ಬರಹ ಪಕ್ಷದ ಕಚೇರಿ, ಪತ್ರಿಕಾಲಯ, ಸ್ವಯಂಸೇವಾ ಸಂಸ್ಥೆಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರಿಗಾಗಿ. ಅವರು ಹೇಳಿದ್ದನ್ನು ಸುದ್ದಿ ಮಾಡುವವರಿಗಾಗಿಯೂ ಹೌದು. ಕಣ್ಣಿಗೆ ಬೀಳುವ ಲಕ್ಷಣದಿಂದ ಹೊರಟು, ಕಾಸು ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಮಾಡಿ, ಕಷ್ಟದ್ದನ್ನು ಆಮೇಲೆ ನೋಡೋಣ. ಎಲ್ಲ ಕಡೆಯೂ ನಾನು ಹಿಡಿಯುವ ಅಳತೆಗೋಲು ಒಂದೇ: ಈ ಗುರುತನ್ನು ನಕಲು ಮಾಡಲು ಎಷ್ಟು ಶ್ರಮ ಬೇಕು? ಐದು ನಿಮಿಷದಲ್ಲಿ ಯಾರು ಬೇಕಾದರೂ ಮೂಡಿಸಬಹುದಾದ ಗುರುತನ್ನು ನಂಬಿ ಒಂದು ದೇಶದ ಮೇಲೆ ಬೆರಳು ತೋರಿಸಬಾರದು. ವರ್ಷಗಟ್ಟಲೆ ಕೂತು ಸೃಷ್ಟಿಸಬೇಕಾದ ಗುರುತಿಗೆ ಬೆಲೆ ಇದೆ.

## ಏನನ್ನೂ ಮುಟ್ಟುವ ಮೊದಲು

ಕಂಪ್ಯೂಟರನ್ನು ಆಫ್ ಮಾಡಬೇಡಿ. ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ನಿಲ್ಲಿಸಿ. ಆಫ್ ಮಾಡಿದರೆ ಮೆಮೊರಿಯಲ್ಲಿ ಓಡುತ್ತಿದ್ದುದೆಲ್ಲ ಅಳಿಸಿ ಹೋಗುತ್ತದೆ. ಪರದೆಯ ಫೋಟೋ ತೆಗೆಯಿರಿ, ಗಂಟೆ ನಿಮಿಷ ಬರೆದಿಟ್ಟುಕೊಳ್ಳಿ. ಸರ್ವರ್ ಗಡಿಯಾರ ಭಾರತದ ಸಮಯ ತೋರಿಸುತ್ತಿದೆಯೋ ಗ್ರೀನ್‌ವಿಚ್ ಸಮಯವೋ ಎಂಬುದನ್ನೂ ಬರೆಯಿರಿ. ಈ ಐದೂವರೆ ಗಂಟೆಯ ವ್ಯತ್ಯಾಸ ಮರೆತು, ಹಗಲಿನ ಕೆಲಸವನ್ನು ನಡುರಾತ್ರಿಯ ದಾಳಿ ಎಂದು ಓದಿದವರನ್ನು ಕಂಡಿದ್ದೇನೆ.

ಲಾಗ್ ಕಡತಗಳನ್ನು, ಅಂದರೆ ಯಾರು ಯಾವಾಗ ಏನು ಮಾಡಿದರೆಂದು ಸರ್ವರ್ ತಾನೇ ಬರೆದಿಡುವ ದಾಖಲೆಗಳನ್ನು, ಬೇರೆ ಡಿಸ್ಕಿಗೆ ನಕಲಿಸಿ. ಪ್ರತಿಯೊಂದರ ಹ್ಯಾಶ್ ಮೌಲ್ಯ (ಕಡತದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ; ಕಡತ ಬದಲಾದರೆ ಅದೂ ಬದಲಾಗುತ್ತದೆ) ಬರೆದಿಡಿ. ಮುಂದೆ ನ್ಯಾಯಾಲಯದ ಮೆಟ್ಟಿಲೇರಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಸೆಕ್ಷನ್ ಪ್ರಕಾರ ಕೊಡುವ ಪ್ರಮಾಣಪತ್ರಕ್ಕೆ ಅದೇ ಬೇಕು. ನನಗೆ ಅತಿ ಹೆಚ್ಚು ನೋವು ಕೊಡುವ ತಪ್ಪು ಒಂದಿದೆ: “ಮೊದಲು ಸೈಟ್ ಸರಿಮಾಡಿಬಿಡೋಣ” ಎಂದು ಹಳೆಯ ಬ್ಯಾಕಪ್ಪನ್ನು ಅದರ ಮೇಲೇ ಸುರಿಯುವುದು. ಸೈಟ್ ಸರಿಯಾಗುತ್ತದೆ. ಕಳ್ಳನ ಹೆಜ್ಜೆಗುರುತು ಒರೆಸಿ ಹೋಗುತ್ತದೆ, ಅವನು ಬಂದ ಬಾಗಿಲು ಮಾತ್ರ ತೆರೆದೇ ಇರುತ್ತದೆ.

## ಲಕ್ಷಣ: ಮುಖಪುಟದಲ್ಲಿ ಬೇರೆ ದೇಶದ ಬಾವುಟ, ಘೋಷಣೆ

ಕಣ್ಣಿಗೆ ರಾಚುವ ಈ ಲಕ್ಷಣಕ್ಕೆ ಸಾಕ್ಷ್ಯವಾಗಿ ಬೆಲೆ ಅತಿ ಕಡಿಮೆ. ಬಾವುಟ ಒಂದು ಚಿತ್ರ, ಅಷ್ಟೇ. ಅದನ್ನು ಅಂಟಿಸಲು ಪೌರತ್ವ ಬೇಕಿಲ್ಲ.

ಒಮ್ಮೆ ಒಂದು ಸಣ್ಣ ಸಂಸ್ಥೆಯವರು ಬೆಳಿಗ್ಗೆ ಆರಕ್ಕೇ ಕರೆ ಮಾಡಿದ್ದರು. ಮುಖಪುಟದಲ್ಲಿ ನೆರೆದೇಶದ ಬಾವುಟ, ಕೆಳಗೆ ಬೈಗುಳ. ನಾನು ಮೊದಲು ನೋಡಿದ್ದು ಅವರ ಸೈಟನ್ನಲ್ಲ, ಅದೇ ಬಾಡಿಗೆ ಸರ್ವರಿನಲ್ಲಿದ್ದ ಬೇರೆ ಸೈಟುಗಳನ್ನು. ಒಂದು ಕಲ್ಯಾಣ ಮಂಟಪ, ಒಂದು ಟ್ಯೂಷನ್ ಕೇಂದ್ರ, ಒಂದು ಸಿಹಿತಿಂಡಿ ಅಂಗಡಿ. ಮೂರರಲ್ಲೂ ಅದೇ ಬಾವುಟ, ಅದೇ ಬೈಗುಳ. ಲಾಗ್ ತೆರೆದಾಗ ಫೋಟೋ ಗ್ಯಾಲರಿಯ ಪ್ಲಗಿನ್ ಒಂದರ ಮೂಲಕ ಯಾರೋ ಒಳಗೆ ಬಂದಿದ್ದು ಕಂಡಿತು. ಆ ಪ್ಲಗಿನ್ನನ್ನು ಮೂರು ವರ್ಷದಿಂದ ಯಾರೂ ಅಪ್‌ಡೇಟ್ ಮಾಡಿರಲಿಲ್ಲ. ಕಲ್ಯಾಣ ಮಂಟಪದ ಮೇಲೆ ಯಾವ ಸರ್ಕಾರವೂ ಸೈಬರ್ ಪಡೆ ಕಳುಹಿಸುವುದಿಲ್ಲ. ಬೀಗ ಸಡಿಲವಿದ್ದ ಮನೆಗಳನ್ನೆಲ್ಲ ಯಾರೋ ತಳ್ಳಿಕೊಂಡು ಹೋಗಿದ್ದರು.

ಆದ್ದರಿಂದ ಮೊದಲು ನೋಡಬೇಕಾದದ್ದು ಇಷ್ಟು: ನೆರೆಯ ಸೈಟುಗಳಿಗೂ ಹೀಗೇ ಆಗಿದೆಯೇ? ಪ್ಲಗಿನ್‌ಗಳು ಎಷ್ಟು ಹಳೆಯವು? ನಿರ್ವಾಹಕರ ಪಾಸ್‌ವರ್ಡ್ ಎಷ್ಟು ಜನರ ಬಳಿ ಇದೆ, ಕೆಲಸ ಬಿಟ್ಟು ಹೋದವರ ಖಾತೆ ಇನ್ನೂ ಇದೆಯೇ? ನಿಮ್ಮನ್ನೇ ಆರಿಸಿ ಹೊಡೆದಿದ್ದಾರೆ ಎಂಬುದಕ್ಕೆ ಬೇರೆ ಆಧಾರ ಸಿಗುವವರೆಗೆ “ವಿದೇಶಿ ದಾಳಿ” ಎಂಬ ಪದ ಬಳಸಬೇಡಿ.

ಬಾವುಟವೇ ಸುಳ್ಳಾದ ದೊಡ್ಡ ಉದಾಹರಣೆಯೂ ಇದೆ. 2015ರ ಏಪ್ರಿಲ್ 8ರ ರಾತ್ರಿ ಫ್ರಾನ್ಸಿನ ಟಿವಿ5 ಮೊಂಡ್ ವಾಹಿನಿಯ ಪ್ರಸಾರ ನಿಂತುಹೋಯಿತು. ಅದರ ಫೇಸ್‌ಬುಕ್ ಪುಟದಲ್ಲಿ “ಸೈಬರ್ ಕ್ಯಾಲಿಫೇಟ್” ಎಂಬ ಹೆಸರು, ಐಸಿಸ್ ಪರ ಘೋಷಣೆ. ಆದರೆ ಕೆಲವೇ ತಿಂಗಳಲ್ಲಿ ತನಿಖೆಯ ಜಾಡು ಐಸಿಸ್ ಬಿಟ್ಟು ಎಪಿಟಿ28 ಎಂಬ ಗುಂಪಿನತ್ತ, ಅಂದರೆ ರಷ್ಯಾದ ಸೇನಾ ಗುಪ್ತಚರ ವಿಭಾಗ ಜಿಆರ್‌ಯು ಕಡೆಗೆ ತಿರುಗಿತು. ಫ್ರಾನ್ಸ್ ಸರ್ಕಾರ ಅದನ್ನು ಅಧಿಕೃತವಾಗಿ ಹೇಳಿದ್ದು 2025ರ ಏಪ್ರಿಲಿನಲ್ಲಿ. ನಡುವೆ ಹತ್ತು ವರ್ಷ.

## ಲಕ್ಷಣ: ಸೈಟ್ ತೆರೆಯುತ್ತಲೇ ಇಲ್ಲ

ಡೊಮೈನ್ ನವೀಕರಣದ ಹಣ ಕಟ್ಟಿದ್ದೀರಾ? ಹೋಸ್ಟಿಂಗ್ ಬಿಲ್? ಫಲಿತಾಂಶದ ದಿನ ನಿಜವಾದ ಓದುಗರೇ ಮುಗಿಬಿದ್ದಿದ್ದಾರೆಯೇ? ಇಷ್ಟನ್ನು ನೋಡಿದ ಮೇಲೆ ದಟ್ಟಣೆಯ ದಾಳಿಯ ಮಾತು, ಅಂದರೆ ಸುಳ್ಳು ಕೋರಿಕೆಗಳನ್ನು ಒಟ್ಟಿಗೆ ಸುರಿದು ಸೈಟ್ ಮುಳುಗಿಸುವ ದಾಳಿ.

ಅದು ದಾಳಿಯೇ ಆಗಿದ್ದರೂ ಕೋರಿಕೆಗಳು ಬರುವುದು ಜಗತ್ತಿನಾದ್ಯಂತ ಸೋಂಕು ತಗುಲಿದ ರೂಟರ್, ಕ್ಯಾಮೆರಾ, ಕಂಪ್ಯೂಟರ್‌ಗಳಿಂದ. 2007ರ ಏಪ್ರಿಲ್ ಕೊನೆಯಲ್ಲಿ ಎಸ್ಟೋನಿಯಾ ತನ್ನ ರಾಜಧಾನಿ ಟಾಲಿನ್ನಿನ ಸೋವಿಯತ್ ಕಾಲದ ಸೈನಿಕ ಪ್ರತಿಮೆಯನ್ನು ಸ್ಥಳಾಂತರಿಸಿದಾಗ ಅಲ್ಲಿನ ಸರ್ಕಾರ, ಬ್ಯಾಂಕು, ಪತ್ರಿಕೆಗಳ ಸೈಟುಗಳು ವಾರಗಟ್ಟಲೆ ತತ್ತರಿಸಿದವು. ಇಡೀ ದೇಶ ರಷ್ಯಾದತ್ತ ನೋಡಿತು. ತನಿಖೆಗೆ ಕಾನೂನು ನೆರವು ಕೇಳಿದರೆ ರಷ್ಯಾ ಒಪ್ಪಲಿಲ್ಲ. ಕೊನೆಗೆ 2008ರಲ್ಲಿ ಶಿಕ್ಷೆಯಾದದ್ದು ಎಸ್ಟೋನಿಯಾದಲ್ಲೇ ಇದ್ದ 20 ವರ್ಷದ ಒಬ್ಬ ವಿದ್ಯಾರ್ಥಿಗೆ, 17,500 ಕ್ರೂನ್ ದಂಡ. ಸರ್ಕಾರದ ಆಜ್ಞೆಯಿಂದ ನಡೆದದ್ದು, ಸರ್ಕಾರ ಕಂಡೂ ಕಾಣದಂತೆ ಬಿಟ್ಟದ್ದು, ಆವೇಶಕ್ಕೊಳಗಾದ ಹುಡುಗರು ತಾವಾಗಿಯೇ ಮಾಡಿದ್ದು ಇವು ಮೂರೂ ಬೇರೆ ಬೇರೆ ಅಪರಾಧಗಳು. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ರೀತಿ ಕಾಣುತ್ತವೆ.

## ಲಕ್ಷಣ: ಲಾಗ್‌ನಲ್ಲಿ ವಿದೇಶಿ ಐಪಿ ವಿಳಾಸ

ಐಪಿ ಎಂದರೆ ಇಂಟರ್ನೆಟ್ಟಿನಲ್ಲಿ ಯಂತ್ರಕ್ಕಿರುವ ಸಂಖ್ಯಾ ವಿಳಾಸ. ಐಪಿ ಹುಡುಕುವ ತಾಣದಲ್ಲಿ ಅದನ್ನು ಹಾಕಿದರೆ ದೇಶದ ಹೆಸರು ಬರುತ್ತದೆ, ನಿಜ. ಆದರೆ ಅದು ಕೊನೆಯ ಬಸ್ ನಿಲ್ದಾಣದ ಹೆಸರು. ಪ್ರಯಾಣಿಕನ ಊರು ಅಲ್ಲ. ತಿಂಗಳ ಬಾಡಿಗೆಗೆ ಯಾವ ದೇಶದ ಸರ್ವರ್ ಬೇಕಾದರೂ ಸಿಗುತ್ತದೆ.

2016ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಕಂಪ್ಯೂಟರುಗಳಿಂದ ಕಡತಗಳು ಹೊರಗೆ ಹೋದವಲ್ಲ, ಅವು ನೇರವಾಗಿ ಮಾಸ್ಕೋಗೆ ಹೋಗಲಿಲ್ಲ. ಜಿಆರ್‌ಯು ಅಧಿಕಾರಿಗಳ ಮೇಲೆ ಅಮೆರಿಕ ಹೊರಿಸಿ 2018ರ ಜುಲೈ 13ರಂದು ಬಹಿರಂಗವಾದ ದೋಷಾರೋಪ ಪಟ್ಟಿಯ ಪ್ರಕಾರ, ದಾಳಿಕೋರರು ಮಾಲ್‌ವೇರನ್ನು (ಹಾನಿ ಮಾಡಲೆಂದೇ ಬರೆದ ತಂತ್ರಾಂಶವನ್ನು) ನಡೆಸುತ್ತಿದ್ದ ಸರ್ವರ್ ಇದ್ದದ್ದು ಅಮೆರಿಕದ ಅರಿಝೋನಾದಲ್ಲಿ; ಕದ್ದ ಕಡತಗಳು ಹೋಗಿ ಸೇರಿದ ಬಾಡಿಗೆ ಕಂಪ್ಯೂಟರ್ ಇಲಿನಾಯ್ಸ್‌ನಲ್ಲಿ. ಲಾಗ್‌ನ ಐಪಿಯನ್ನಷ್ಟೇ ನಂಬಿದ್ದರೆ ಅಮೆರಿಕವೇ ಅಮೆರಿಕದ ಮೇಲೆ ದಾಳಿ ಮಾಡಿದೆ ಎನ್ನಬೇಕಾಗುತ್ತಿತ್ತು.

ಹಾಗೆಂದು ಐಪಿಯನ್ನು ಬಿಸಾಡಬೇಡಿ. ಅದೇ ವಿಳಾಸ, ಅದೇ ಡೊಮೈನ್, ಅದೇ ಭದ್ರತಾ ಪ್ರಮಾಣಪತ್ರ ಹಿಂದೆ ಬೇರೆ ದಾಳಿಗಳಲ್ಲಿ ಕಾಣಿಸಿಕೊಂಡಿದೆಯೇ ಎಂದು ಹುಡುಕಿ. ಒಂದು ಸರ್ವರಿನ ಬೆಲೆ ಅಗ್ಗ. ವರ್ಷಗಳ ಕಾಲ ಒಂದೇ ಅಭ್ಯಾಸದಿಂದ ಕೊಂಡ ಸರ್ವರುಗಳ ಸರಮಾಲೆಯನ್ನು ಬೇರೊಬ್ಬರ ಹೆಸರಿನಲ್ಲಿ ಕಟ್ಟುವುದು ದುಬಾರಿ.

## ಲಕ್ಷಣ: “ನಿಮ್ಮ ಪಾಸ್‌ವರ್ಡ್ ಯಾರಿಗೋ ಸಿಕ್ಕಿದೆ” ಎಂಬ ಮಿಂಚಂಚೆ

2016ರ ಮಾರ್ಚ್ 19ರಂದು ಹಿಲರಿ ಕ್ಲಿಂಟನ್ ಪ್ರಚಾರದ ಅಧ್ಯಕ್ಷ ಜಾನ್ ಪೊಡೆಸ್ಟಾಗೆ ಬಂದದ್ದು ಇಂಥದ್ದೇ ಪತ್ರ. ಉಕ್ರೇನಿನಿಂದ ಯಾರೋ ನಿಮ್ಮ ಖಾತೆಗೆ ನುಗ್ಗಲು ನೋಡಿದ್ದಾರೆ, ಕೂಡಲೇ ಪಾಸ್‌ವರ್ಡ್ ಬದಲಿಸಿ, ಕೆಳಗೆ ನೀಲಿ ಗುಂಡಿ. ಕಚೇರಿಯವರು ತಾಂತ್ರಿಕ ಸಹಾಯಕರನ್ನು ಕೇಳಿಯೇ ಮುಂದುವರಿದಿದ್ದರು. ಆ ಸಹಾಯಕ “ಇದು ಅಸಲಿ” ಎಂದು ಉತ್ತರಿಸಿದ. “ಅಸಲಿಯಲ್ಲ” ಎಂದು ಬರೆಯಲು ಹೋಗಿ ಹಾಗಾಯಿತು ಎಂದು ಆಮೇಲೆ ಹೇಳಿದ. ಪಾಸ್‌ವರ್ಡ್ ಬದಲಿಸಲು ಗೂಗಲ್‌ನ ಸರಿಯಾದ ಕೊಂಡಿಯನ್ನೂ ಅವನು ಕಳುಹಿಸಿದ್ದ. ಆದರೆ ಒತ್ತಿದ್ದು ಹಳೆಯ ಗುಂಡಿಯನ್ನು. 50,000ಕ್ಕೂ ಹೆಚ್ಚು ಪತ್ರಗಳು ಹೋದವು.

ನೀವು ಮಾಡಬೇಕಾದದ್ದು ಸರಳ. ಗುಂಡಿ ಒತ್ತಬೇಡಿ, ಪತ್ರ ಅಳಿಸಲೂ ಬೇಡಿ. ಪತ್ರವನ್ನು ಪೂರ್ಣ ಹೆಡರ್ (ಅದು ಯಾವ ಸರ್ವರುಗಳ ಮೂಲಕ ಬಂತು ಎಂಬ ವಿವರ) ಸಮೇತ ಉಳಿಸಿಕೊಳ್ಳಿ. ಬ್ರೌಸರಿನಲ್ಲಿ ನೀವೇ ವಿಳಾಸ ಟೈಪ್ ಮಾಡಿ ಖಾತೆಗೆ ಹೋಗಿ, ಯಾವ ಸಾಧನಗಳು ಲಾಗಿನ್ ಆಗಿವೆ ಎಂದು ನೋಡಿ. ಮಿಂಚಂಚೆಯನ್ನು ಯಾರಾದರೂ ಬೇರೆಡೆಗೆ ರವಾನಿಸುವ ನಿಯಮ ಹಾಕಿದ್ದಾರೆಯೇ ಎಂದೂ ನೋಡಿ. ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಹಾಗೇ ಇರುತ್ತದೆ, ಬಹಳ ಮಂದಿ ಇದನ್ನು ಗಮನಿಸುವುದಿಲ್ಲ.

ಈ ಲಕ್ಷಣ ದೇಶದ ಬಗ್ಗೆ ಏನು ಹೇಳುತ್ತದೆ? ಒಂದು ಪತ್ರ ಏನನ್ನೂ ಹೇಳುವುದಿಲ್ಲ. ಇದೇ ಉಪಾಯವನ್ನು ಬ್ಯಾಂಕ್ ವಂಚಕರೂ ದಿನವೂ ಬಳಸುತ್ತಾರೆ. ಪೊಡೆಸ್ಟಾ ಪ್ರಕರಣದಲ್ಲಿ ಬಾಯಿ ಬಿಟ್ಟದ್ದು ಪತ್ರವಲ್ಲ, ಅದರ ಸಹೋದರ ಪತ್ರಗಳು. ಗುಂಡಿಯ ಹಿಂದಿದ್ದ ಸಂಕ್ಷಿಪ್ತ ಕೊಂಡಿಯನ್ನು ಬಿಟ್ಲಿ ಸೇವೆಯಲ್ಲಿ ಸೃಷ್ಟಿಸಿದವರು ತಮ್ಮ ಖಾತೆಯನ್ನು ಸಾರ್ವಜನಿಕವಾಗಿಯೇ ಬಿಟ್ಟಿದ್ದರು. ಸೆಕ್ಯೂರ್‌ವರ್ಕ್ಸ್ ಸಂಸ್ಥೆಯ ಸಂಶೋಧಕರು ಅದನ್ನು ಹಿಡಿದು ಹೋದಾಗ ಸಾವಿರಾರು ಕೊಂಡಿಗಳು ಸಿಕ್ಕಿದವು. ಗುರಿಗಳು ಯಾರೆಂದರೆ ಉಕ್ರೇನಿನ ಅಧಿಕಾರಿಗಳು, ರಷ್ಯಾ ಸರ್ಕಾರವನ್ನು ಟೀಕಿಸುವವರು, ಪತ್ರಕರ್ತರು, ಸೇನೆಗೆ ಸಂಬಂಧಿಸಿದವರು. ಹಣಕ್ಕಾಗಿ ಕದಿಯುವವನಿಗೆ ಈ ಪಟ್ಟಿ ಬೇಡ. ಇಷ್ಟು ಜನರನ್ನು ಒಟ್ಟಿಗೆ ಬೇಕೆನ್ನುವವರು ಜಗತ್ತಿನಲ್ಲಿ ಬಹಳ ಇರಲಾರರು. ನಿಮಗೆ ಇಂಥ ಪತ್ರ ಬಂದರೆ ನಿಮ್ಮಂಥ ಇನ್ನಾರಿಗೆ ಬಂದಿದೆ ಎಂದು ಕೇಳಿ ನೋಡಿ. ಕಾಸಿಲ್ಲದ ಪರೀಕ್ಷೆಗಳಲ್ಲಿ ಇಷ್ಟು ಹೇಳುವುದು ಇನ್ನೊಂದಿಲ್ಲ.

## ಲಕ್ಷಣ: ಫೋನ್ ತಯಾರಕರಿಂದಲೇ ಎಚ್ಚರಿಕೆ

2023ರ ಅಕ್ಟೋಬರ್ 31ರಂದು ಮಹುವಾ ಮೊಯಿತ್ರಾ, ಶಶಿ ತರೂರ್ ಸೇರಿದಂತೆ ಹಲವು ವಿರೋಧ ಪಕ್ಷದ ನಾಯಕರು ಆಪಲ್ ಸಂಸ್ಥೆಯಿಂದ ಬಂದ ಸಂದೇಶವನ್ನು ಪ್ರಕಟಿಸಿದರು: ಸರ್ಕಾರಿ ಬೆಂಬಲದ ದಾಳಿಕೋರರು ನಿಮ್ಮ ಐಫೋನನ್ನು ಗುರಿಯಾಗಿಸಿರಬಹುದು. ಯಾವ ಸರ್ಕಾರ ಎಂಬ ಚರ್ಚೆ ಅಂದೇ ಕಾವೇರಿತು. ಆಪಲ್ ಅದೇ ದಿನ ಸ್ಪಷ್ಟಪಡಿಸಿತು: ನಿರ್ದಿಷ್ಟ ದೇಶವೊಂದನ್ನು ನಾವು ಹೆಸರಿಸುತ್ತಿಲ್ಲ, ಕೆಲವು ಎಚ್ಚರಿಕೆಗಳು ತಪ್ಪೂ ಆಗಿರಬಹುದು. 2024ರಿಂದ ಆ ಸಂದೇಶದ ಭಾಷೆಯೇ “ಬಾಡಿಗೆ ಬೇಹು ತಂತ್ರಾಂಶ” ಎಂದು ಬದಲಾಯಿತು. ದುಡ್ಡು ಕೊಟ್ಟು ಕೊಳ್ಳುವ ಅಸ್ತ್ರವಾದರೆ ಅದರ ತಯಾರಕರ ಹೆಸರು ಗೊತ್ತಾದರೂ ಬಳಸಿದವರ ಹೆಸರು ಗೊತ್ತಾಗುವುದಿಲ್ಲ.

ಗುರಿಯಾಗುವುದು ಬೇರೆ, ಸೋಂಕು ತಗುಲುವುದು ಬೇರೆ. ಪೆಗಾಸಸ್ ಎಂಬ ಬೇಹು ತಂತ್ರಾಂಶದ ಬಗ್ಗೆ 2021ರಲ್ಲಿ ಬಂದ ವರದಿಗಳಲ್ಲಿ, 2019ರ ಕರ್ನಾಟಕದ ಸಮ್ಮಿಶ್ರ ಸರ್ಕಾರದ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ಸಂಖ್ಯೆಯೂ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿತ್ತು. ಪಟ್ಟಿಯಲ್ಲಿ ಸಂಖ್ಯೆ ಇದ್ದ ಮಾತ್ರಕ್ಕೆ ಫೋನ್ ಒಡೆಯಲಾಗಿದೆ ಎಂದಾಗುವುದಿಲ್ಲ. ಅದು ಗೊತ್ತಾಗುವುದು ಫೋನನ್ನೇ ಪರೀಕ್ಷಿಸಿದರೆ. ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ 29 ಫೋನ್‌ಗಳನ್ನು ಪರೀಕ್ಷಿಸಿ ಐದರಲ್ಲಿ ಮಾಲ್‌ವೇರ್ ಕಂಡಿತು. ಅದು ಪೆಗಾಸಸ್ಸೇ ಎಂದು ಖಚಿತವಾಗಿ ಹೇಳಲಾಗಲಿಲ್ಲ.

ಎಚ್ಚರಿಕೆ ಬಂದರೆ ಮೊದಲು ಅದು ನಿಜವೇ ಎಂದು ನೋಡಿ: ಆಪಲ್ ಖಾತೆಗೆ ನೀವೇ ಲಾಗಿನ್ ಆದರೆ ಪುಟದ ಮೇಲ್ಭಾಗದಲ್ಲಿ ಅದೇ ಎಚ್ಚರಿಕೆ ಇರಬೇಕು. ಫೋನನ್ನು ರೀಸೆಟ್ ಮಾಡಬೇಡಿ, ಸಾಕ್ಷ್ಯ ಅಳಿಯುತ್ತದೆ. ಐಫೋನಿನ ಬಿಗಿ ಭದ್ರತೆಯ ಸೆಟ್ಟಿಂಗ್ ಆದ ಲಾಕ್‌ಡೌನ್ ಮೋಡ್ ಹಾಕಿ, ಸೂಕ್ಷ್ಮ ಮಾತುಕತೆಗೆ ಬೇರೆ ಫೋನ್ ಬಳಸಿ. ನಿಮ್ಮ ಕೆಲಸ ಇಲ್ಲಿಗೆ ಮುಗಿಯಿತು. ಇದರಾಚೆಗಿನದು ವಿಧಿವಿಜ್ಞಾನ ತಜ್ಞರಿಗೆ ಬಿಟ್ಟದ್ದು. ಪತ್ರಕರ್ತರಿಗೆ, ನಾಗರಿಕ ಸಂಘಟನೆಗಳಿಗೆ ಆಕ್ಸೆಸ್ ನೌ ಸಂಸ್ಥೆಯ ಸಹಾಯವಾಣಿ ಉಚಿತವಾಗಿ ನೆರವಾಗುತ್ತದೆ.

## ಲಕ್ಷಣ: ನಿಮ್ಮ ಕಡತಗಳು ಊರಿಗೆಲ್ಲ ಹಂಚಿಕೆಯಾಗಿವೆ

ಡೆಮಾಕ್ರಟಿಕ್ ಪಕ್ಷದ ಜಾಲಕ್ಕೆ ರಷ್ಯಾದವರು ನುಗ್ಗಿದ್ದಾರೆ ಎಂಬ ಸುದ್ದಿ 2016ರ ಜೂನ್ 14ರಂದು ಬಂತು. ಮರುದಿನವೇ “ಗುಸಿಫರ್ 2.0” ಎಂಬ ಹೆಸರಿನವನೊಬ್ಬ ಎದ್ದು ನಿಂತು, ಇದು ನನ್ನೊಬ್ಬನದೇ ಕೆಲಸ ಎಂದ. ತಾನು ರೊಮೇನಿಯಾದವನು ಎಂದೂ ಹೇಳಿಕೊಂಡ. ಪತ್ರಕರ್ತರೊಬ್ಬರು ರೊಮೇನಿಯನ್ ಭಾಷೆಯಲ್ಲೇ ಪ್ರಶ್ನೆ ಕೇಳಿದಾಗ ತಡವರಿಸಿದ. ಅವನು ಬಿಟ್ಟ ಕಡತವೊಂದರ ಒಳವಿವರದಲ್ಲಿ, ಕೊನೆಯದಾಗಿ ತಿದ್ದಿದವರ ಜಾಗದಲ್ಲಿ ರಷ್ಯನ್ ಲಿಪಿಯಲ್ಲಿ “ಫೆಲಿಕ್ಸ್ ಎಡ್ಮುಂಡೋವಿಚ್” ಎಂದಿತ್ತು. ಸೋವಿಯತ್ ಗುಪ್ತ ಪೊಲೀಸ್ ಪಡೆಯ ಸ್ಥಾಪಕ ಜೆರ್ಜಿನ್‌ಸ್ಕಿಯ ಹೆಸರು ಅದು.

ಇದನ್ನೇ ಸಾಕ್ಷ್ಯ ಎಂದು ಹಿಡಿದು ಕುಣಿದವರು ಅಂದು ಬಹಳ. ನಾನು ಇದಕ್ಕೆ ಕಡಿಮೆ ಅಂಕ ಕೊಡುತ್ತೇನೆ. ವರ್ಡ್ ತಂತ್ರಾಂಶದ ಸೆಟ್ಟಿಂಗಿಗೆ ಹೋಗಿ ಆ ಹೆಸರು ಹಾಕಲು ಯಾರಿಗಾದರೂ ಒಂದು ನಿಮಿಷ ಸಾಕು. ಈಗ ಇನ್ನೊಂದು ಗುರುತನ್ನು ನೋಡಿ. ದೋಷಾರೋಪ ಪಟ್ಟಿ ಹೇಳುವಂತೆ, ಆ ಜೂನ್ 15ರಂದು ಮಾಸ್ಕೋ ಸಮಯ ಸಂಜೆ 4.19ರಿಂದ 4.56ರ ನಡುವೆ, ಜಿಆರ್‌ಯುವಿನ 74455ನೇ ಘಟಕ ನಡೆಸುತ್ತಿದ್ದ ಮಾಸ್ಕೋದ ಸರ್ವರೊಂದರಿಂದ ಯಾರೋ ಕೆಲವು ಇಂಗ್ಲಿಷ್ ನುಡಿಗಟ್ಟುಗಳನ್ನು ಹುಡುಕಿದರು. “ನೂರಾರು ಹಾಳೆಗಳು” ಎಂಬುದು ಇಂಗ್ಲಿಷಿನಲ್ಲಿ ಹೇಗೆ, “ಲೋಕಪ್ರಸಿದ್ಧ” ಎಂಬುದು ಹೇಗೆ, ಹೀಗೆ. ಸಂಜೆ 7.02ಕ್ಕೆ ಗುಸಿಫರ್‌ನ ಮೊದಲ ಬರಹ ಪ್ರಕಟವಾಯಿತು. ಆ ನುಡಿಗಟ್ಟುಗಳು ಅದರಲ್ಲಿದ್ದವು. ಪರಕೀಯ ಭಾಷೆಯಲ್ಲಿ ಬರೆಯಲು ಕುಳಿತವನ ತಡಕಾಟ ಅದು. ಯಾರಾದರೂ ನೋಡಲಿ ಎಂದು ಇಟ್ಟ ಗುರುತಲ್ಲ. ಅದಕ್ಕೇ ಅದಕ್ಕೆ ತೂಕ.

ನಿಮ್ಮ ಮಟ್ಟದಲ್ಲಿ ಮಾಡಬಹುದಾದದ್ದು: ಸೋರಿದ ಕಡತಗಳನ್ನು ನಿಮ್ಮಲ್ಲಿರುವ ಮೂಲದೊಂದಿಗೆ ಹೋಲಿಸಿ. ನೂರು ಅಸಲಿಯ ನಡುವೆ ಎರಡು ನಕಲಿ ಸೇರಿಸುವುದು ಹಳೆಯ ತಂತ್ರ. ಮಿಂಚಂಚೆಗಳಾದರೆ ಡಿಕೆಐಎಂ ಸಹಿ (ಕಳುಹಿಸುವ ಸರ್ವರ್ ಹಾಕುವ ಡಿಜಿಟಲ್ ಮುದ್ರೆ) ಪರೀಕ್ಷಿಸಿ; ಪತ್ರದ ಒಂದಕ್ಷರ ತಿದ್ದಿದ್ದರೂ ಆ ಸಹಿ ತಾಳೆಯಾಗುವುದಿಲ್ಲ.

ದೇಶ ಹೆಸರಿಸುವ ವಿಷಯದಲ್ಲಿ ಫ್ರಾನ್ಸಿನ ನಡೆ ನನಗೆ ಮೆಚ್ಚುಗೆ. 2017ರ ಮೇ 5ರಂದು, ಅಧ್ಯಕ್ಷೀಯ ಚುನಾವಣೆಯ ಅಂತಿಮ ಸುತ್ತಿಗೆ ಎರಡು ದಿನ ಮುಂಚೆ, ಮ್ಯಾಕ್ರನ್ ಪ್ರಚಾರ ತಂಡದ ಪತ್ರಗಳು ಬಯಲಾದವು. ಎಲ್ಲರೂ ರಷ್ಯಾ ಎಂದರು. ಆದರೆ ಫ್ರಾನ್ಸಿನ ಸೈಬರ್ ಭದ್ರತಾ ಸಂಸ್ಥೆಯ ಅಂದಿನ ಮುಖ್ಯಸ್ಥ ಗಿಯೋಮ್ ಪುಪಾರ್, ದಾಳಿ ತೀರಾ ಸಾಮಾನ್ಯ ರೀತಿಯದು, ಯಾರು ಬೇಕಾದರೂ ಮಾಡಿರಬಹುದು, ಎಪಿಟಿ28ರ ಜಾಡು ನಮಗೆ ಸಿಕ್ಕಿಲ್ಲ ಎಂದು ಜೂನಿನಲ್ಲೇ ಹೇಳಿದರು. 2025ರ ಏಪ್ರಿಲಿನಲ್ಲಿ ಅದೇ ಫ್ರಾನ್ಸ್, ಆ ಚುನಾವಣೆಗೂ ಕೈ ಹಾಕಿದ್ದು ಎಪಿಟಿ28 ಎಂದು ಸಾರಿತು. ಮೊದಲು ಹೇಳಿದ್ದು ಅಂದಿನ ಸಾಕ್ಷ್ಯಕ್ಕೆ ತಕ್ಕ ಮಾತು. ಆಮೇಲೆ ಹೇಳಿದ್ದು ಎಂಟು ವರ್ಷ ಕಳೆದ ಮೇಲಿನ ಮಾತು. ಅಂದು ಅವರು “ಗೊತ್ತಿಲ್ಲ” ಎಂದದ್ದರಿಂದಲೇ ಇಂದು “ಗೊತ್ತು” ಎಂದಾಗ ನಾನು ನಂಬುತ್ತೇನೆ.

## ಲಕ್ಷಣ: ಮಾಲ್‌ವೇರ್ ಸಿಕ್ಕಿದೆ, ಕುಖ್ಯಾತ ಗುಂಪೊಂದರ ಕೋಡಿಗೆ ಹೋಲುತ್ತಿದೆ

ಇಲ್ಲಿಗೆ ಬರುವಷ್ಟರಲ್ಲಿ ತಜ್ಞರು ನಿಮ್ಮ ಪಕ್ಕದಲ್ಲಿರಬೇಕು. ಒಂದು ಎಚ್ಚರಿಕೆ: ಸಿಕ್ಕ ಕಡತವನ್ನು ಸಾರ್ವಜನಿಕ ವೈರಸ್ ಪರೀಕ್ಷಾ ತಾಣಗಳಿಗೆ ಏರಿಸಬೇಡಿ, ಹ್ಯಾಶ್ ಮಾತ್ರ ಹಾಕಿ ಹುಡುಕಿ. ಏರಿಸಿದ ಕಡತ ಬೇರೆಯವರ ಕೈಗೂ ಸಿಗುತ್ತದೆ. ನಿಮ್ಮ ಗುಟ್ಟಿನ ಕಾಗದಪತ್ರ ಅದರೊಳಗಿದ್ದರೆ ಅದೂ ಹೊರಗೆ ಹೋಯಿತು. ಸಿಕ್ಕಿಬಿದ್ದಿದ್ದೇವೆ ಎಂದು ದಾಳಿಕೋರರಿಗೂ ತಿಳಿಯುತ್ತದೆ.

ಕೋಡಿನ ಹೋಲಿಕೆಯೂ ಕೈ ಕೊಡಬಹುದು ಎಂಬುದಕ್ಕೆ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್ ಸಾಕ್ಷಿ. 2018ರ ಫೆಬ್ರುವರಿ 9ರ ಉದ್ಘಾಟನೆಯ ಹೊತ್ತಿಗೆ ಕ್ರೀಡಾಕೂಟದ ಜಾಲ ಕುಸಿಯಿತು. ಮಾಲ್‌ವೇರ್ ಬಿಚ್ಚಿ ನೋಡಿದವರಲ್ಲಿ ಕೆಲವರಿಗೆ ಉತ್ತರ ಕೊರಿಯಾ ಕಂಡಿತು, ಕೆಲವರಿಗೆ ಚೀನಾ, ಕೆಲವರಿಗೆ ರಷ್ಯಾ. ಕಡತದಲ್ಲಿ ರಿಚ್ ಹೆಡರ್ ಎಂಬ ಭಾಗವಿರುತ್ತದೆ. ಯಾವ ಉಪಕರಣ ಬಳಸಿ ಪ್ರೋಗ್ರಾಂ ಕಟ್ಟಿದರು ಎಂಬ ಗುರುತು ಅಲ್ಲಿ ತಾನಾಗಿಯೇ ಬೀಳುತ್ತದೆ. ಅದು ಉತ್ತರ ಕೊರಿಯಾದ ಲಾಜರಸ್ ಗುಂಪಿನ ಹಳೆಯ ಮಾಲ್‌ವೇರಿಗೆ ಕರಾರುವಾಕ್ಕಾಗಿ ಹೊಂದುತ್ತಿತ್ತು. ಕ್ಯಾಸ್ಪರ್‌ಸ್ಕಿ ಸಂಸ್ಥೆಯ ಸಂಶೋಧಕರು ಅಲ್ಲಿಗೇ ನಿಲ್ಲದೆ ಕೋಡನ್ನೇ ಆ ಹೆಡರಿನೊಂದಿಗೆ ತಾಳೆ ನೋಡಿದರು. ಹೆಡರ್ ಹೇಳುತ್ತಿದ್ದ ಉಪಕರಣದಿಂದ ಆ ಕೋಡ್ ಹುಟ್ಟಿರಲು ಸಾಧ್ಯವೇ ಇರಲಿಲ್ಲ. ಬೇರೊಬ್ಬರ ಹೆಬ್ಬೆಟ್ಟಿನ ಗುರುತನ್ನು ತಂದು ಅಂಟಿಸಿದ್ದರು. 2020ರ ಅಕ್ಟೋಬರಿನಲ್ಲಿ ಅಮೆರಿಕ ಈ ಪ್ರಕರಣದಲ್ಲಿ ಜಿಆರ್‌ಯುವಿನ ಆರು ಅಧಿಕಾರಿಗಳ ಮೇಲೆ ಆರೋಪ ಹೊರಿಸಿತು; ಘಟಕ, ಮತ್ತೆ 74455.

ಇನ್ನೊಂದು ಬಗೆಯ ಮೋಸವೂ ಉಂಟು. ರಷ್ಯಾದ ಟರ್ಲಾ ಗುಂಪು ಇರಾನಿನ ಹ್ಯಾಕರುಗಳ ಉಪಕರಣ, ಸರ್ವರುಗಳನ್ನೇ ವಶಪಡಿಸಿಕೊಂಡು ಬಳಸಿತು ಎಂದು ಬ್ರಿಟನ್ ಮತ್ತು ಅಮೆರಿಕದ ಸಂಸ್ಥೆಗಳು 2019ರ ಅಕ್ಟೋಬರಿನಲ್ಲಿ ಪ್ರಕಟಿಸಿದವು. ಬೇರೊಬ್ಬರ ಮನೆಯ ಕತ್ತಿಯಿಂದಲೇ ಕೊಲೆ ಮಾಡಿದಂತೆ.

## ಎಲ್ಲ ಗುರುತೂ ಒಂದೇ ಕಡೆ ತೋರಿಸುತ್ತಿದ್ದರೆ

ಆಗಲೂ “ಸಾಬೀತಾಗಿದೆ” ಎಂದು ಬರೆಯಬೇಡಿ. 2017ರ ಜನವರಿ 6ರಂದು ಅಮೆರಿಕದ ಗುಪ್ತಚರ ಸಂಸ್ಥೆಗಳು ಪ್ರಕಟಿಸಿದ ವರದಿಯಲ್ಲಿ, ಪುಟಿನ್ ಸರ್ಕಾರ ಟ್ರಂಪ್ ಗೆಲುವಿನ ಸಾಧ್ಯತೆ ಹೆಚ್ಚಿಸಲು ಬಯಸಿತ್ತು ಎಂಬ ತೀರ್ಮಾನದ ಬಗ್ಗೆ ಸಿಐಎ ಮತ್ತು ಎಫ್‌ಬಿಐಗೆ “ಹೆಚ್ಚಿನ ವಿಶ್ವಾಸ”, ಎನ್‌ಎಸ್‌ಎಗೆ “ಮಧ್ಯಮ ವಿಶ್ವಾಸ” ಎಂದು ಬೇರೆ ಬೇರೆಯಾಗಿಯೇ ನಮೂದಿಸಲಾಗಿತ್ತು. ಅಷ್ಟು ದೊಡ್ಡ ಸಂಸ್ಥೆಗಳೇ ತಮ್ಮ ವಿಶ್ವಾಸದ ಮಟ್ಟವನ್ನು ಅಳೆದು ಹೇಳುವಾಗ ನಮಗೇಕೆ ಅವಸರ? ಅವರ ಬಳಿ ಇರುವ ಸಾಕ್ಷ್ಯದ ಜಾತಿಯೇ ಬೇರೆ. ಡಚ್ ಗುಪ್ತಚರರು 2014ರಿಂದಲೇ ರಷ್ಯಾದ ಇನ್ನೊಂದು ಗುಂಪಾದ ಕೋಜಿ ಬೇರ್‌ನ ಜಾಲದೊಳಗೆ ಕುಳಿತಿದ್ದರು, ಆ ಕಟ್ಟಡದ ಭದ್ರತಾ ಕ್ಯಾಮೆರಾದಲ್ಲಿ ಬಂದುಹೋಗುವವರ ಮುಖಗಳನ್ನೂ ನೋಡುತ್ತಿದ್ದರು ಎಂದು ನೆದರ್ಲೆಂಡ್ಸ್ ಮಾಧ್ಯಮಗಳು 2018ರಲ್ಲಿ ವರದಿ ಮಾಡಿದವು. ಅಂಥದ್ದು ನಿಮ್ಮ ಸರ್ವರ್ ಲಾಗಿನಲ್ಲಿ ಎಂದೂ ಸಿಗುವುದಿಲ್ಲ.

ವರದಿ ಬರೆಯುವಾಗ ನಾನು ಹಾಳೆಯನ್ನು ಮೂರು ಭಾಗ ಮಾಡುತ್ತೇನೆ: ಕಂಡದ್ದು, ಅದರಿಂದ ಊಹಿಸಿದ್ದು, ಈ ಊಹೆ ತಪ್ಪೆಂದು ತೋರಿಸಬಲ್ಲದ್ದು. ಮೂರನೆಯ ಭಾಗ ಖಾಲಿ ಇದ್ದರೆ ವರದಿ ಇನ್ನೂ ಮುಗಿದಿಲ್ಲ.

## ಯಾರಿಗೆ ಒಪ್ಪಿಸಬೇಕು, ಏನು ಮಾಡಲೇಬಾರದು

ಭಾರತದಲ್ಲಿ ಇಂಥ ಘಟನೆಗಳನ್ನು ನೋಡುವ ರಾಷ್ಟ್ರೀಯ ಸಂಸ್ಥೆ ಸರ್ಟ್-ಇನ್. 2022ರ ಏಪ್ರಿಲ್ 28ರ ನಿರ್ದೇಶನದಂತೆ ಕಂಪನಿಗಳು, ಸರ್ಕಾರಿ ಸಂಸ್ಥೆಗಳು ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ದೇಶದ ಹೆಸರು ಗೊತ್ತಾಗುವವರೆಗೆ ಕಾಯಬೇಡಿ. ಅವರು ಕೇಳುವುದು ಏನಾಯಿತು ಎಂದು. ಹಣವೂ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮರುದಾಳಿ ಮಾತ್ರ ಬೇಡ. ಲಾಗ್‌ನಲ್ಲಿ ಸಿಕ್ಕ ವಿಳಾಸಕ್ಕೆ ನುಗ್ಗಿ ನೋಡೋಣ ಎನ್ನುವ ಉತ್ಸಾಹಿಗಳು ಪ್ರತಿ ಕಚೇರಿಯಲ್ಲೂ ಒಬ್ಬರಿರುತ್ತಾರೆ. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿಗೆ ಹೋಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಪರಿಹಾರ ಕಟ್ಟಬೇಕಾದ ತಪ್ಪು; ಅಪ್ರಾಮಾಣಿಕ ಇಲ್ಲವೇ ವಂಚನೆಯ ಉದ್ದೇಶವಿದ್ದರೆ 66ನೇ ಸೆಕ್ಷನ್ ಅಡಿ ಅಪರಾಧವೂ ಹೌದು. ಆ ವಿಳಾಸದ ಹಿಂದೆ ಇರುವುದು ನಿಮ್ಮಂತೆಯೇ ಪ್ಲಗಿನ್ ಅಪ್‌ಡೇಟ್ ಮಾಡದೆ ಬಿಟ್ಟ ಯಾವುದೋ ಊರಿನ ಶಾಲೆಯ ಸರ್ವರ್ ಆಗಿರಬಹುದು. ಅವರಿಗೆ ಇನ್ನೂ ವಿಷಯವೇ ತಿಳಿದಿಲ್ಲ. ಸಾಧ್ಯವಾದರೆ ಅವರ ಹೋಸ್ಟಿಂಗ್ ಸಂಸ್ಥೆಗೆ ಒಂದು ಪತ್ರ ಬರೆಯಿರಿ.